ಪ್ರಾರ್ಥನೆಯ ಮಧ್ಯೆ ಮಗಳು ಕೇಳಿದ ಪ್ರಶ್ನೆ: ನಿಮ್ಮ ಮನೆಯಲ್ಲಿ ದೇವರ ಪಾಠ ಎಲ್ಲಿ ಸಿಕ್ಕಿತು?

ಉಡುಪಿಯ ಅಮ್ಮ | ಭಾನುವಾರ, ರಾತ್ರಿ 10:15

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ಬರೆದರೆ ಸ್ವಲ್ಪ ಹಗುರ ಆಗಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಕ್ರೈಸ್ತ ಮನೆ. ಮಾತು ತುಳು, ಪ್ರಾರ್ಥನೆ ಕನ್ನಡ. ನನ್ನ ಅಮ್ಮನ ಕಾಲದಿಂದಲೂ ಹಾಗೆಯೇ. ರಾತ್ರಿ ಊಟಕ್ಕೆ ಮುಂಚೆ ಎಲ್ಲರೂ ಚಾವಡಿಯಲ್ಲಿ ಕೂತು ಒಂದು ಗೀತೆ ಹಾಡುತ್ತೇವೆ. ಸತ್ಯವೇದದಿಂದ, ಅಂದರೆ ಬೈಬಲಿನಿಂದ, ಒಂದು ಭಾಗ ಓದುತ್ತೇವೆ. ಕೊನೆಗೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆ. ಹತ್ತು ನಿಮಿಷ ಅಷ್ಟೇ. ಮಗಳಿಗೆ 13, ಮಗನಿಗೆ 8. ಮಗ ಆಗಲೇ ಅರ್ಧ ನಿದ್ದೆಯಲ್ಲಿ ಇರುತ್ತಾನೆ. ಆದರೂ ಬಿಟ್ಟಿಲ್ಲ. ಮಕ್ಕಳಿಗೆ ವಿಶ್ವಾಸ ಮನೆಯಿಂದಲೇ ಬರಬೇಕು ಅಂತ ನಾನು ಗಟ್ಟಿಯಾಗಿ ನಂಬಿದವಳು.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ನನಗೂ ನನ್ನ ಅಕ್ಕನಿಗೂ 14 ತಿಂಗಳಿಂದ ಮಾತಿಲ್ಲ. ಅಮ್ಮ ತೀರಿಕೊಂಡ ಮೇಲೆ ತವರು ಮನೆಯ ಸಾಮಾನು ಹಂಚುವಾಗ ಎಲ್ಲ ಸರಿಯಾಗಿಯೇ ಆಯಿತು. ಜಾಗ, ಬಂಗಾರ ಯಾವುದಕ್ಕೂ ಜಗಳ ಆಗಲಿಲ್ಲ. ಜಗಳ ಆದದ್ದು ಅಮ್ಮನ ಕಡೆಯುವ ಕಲ್ಲಿಗೆ. ಅದು ನನಗೆ ಬೇಕು ಅಂತ ನಾನು ಮೊದಲೇ ಹೇಳಿದ್ದೆ. ಒಂದು ದಿನ ಹೋಗಿ ನೋಡಿದರೆ ಅಡುಗೆಮನೆಯ ಮೂಲೆಯಲ್ಲಿ ಕಲ್ಲಿದ್ದ ಜಾಗ ಮಾತ್ರ ಇತ್ತು. ನೆಲದಲ್ಲಿ ಒಂದು ದುಂಡನೆಯ ಬಿಳಿ ಗುರುತು. ಅಕ್ಕ ಟೆಂಪೋ ತಂದು ಹೇಳದೆ ಕೇಳದೆ ಸಾಗಿಸಿದ್ದಳು. ಆ ಗುರುತು ನೋಡಿ ನಾನು ಅಲ್ಲೇ ಕೂತು ಅತ್ತಿದ್ದೇನೆ. ಅಮ್ಮನ ಕೈ ತಿರುಗಿ ತಿರುಗಿ ಆ ಗುಂಡುಕಲ್ಲು ಒಂದು ಕಡೆ ಎಷ್ಟು ನುಣುಪಾಗಿತ್ತು ಅಂದರೆ, ಕತ್ತಲಲ್ಲಿ ಮುಟ್ಟಿದರೂ ಅದು ನಮ್ಮದೇ ಕಲ್ಲು ಅಂತ ಹೇಳಬಹುದಿತ್ತು.

ಶುಕ್ರವಾರ ಸಂಜೆ ಅತ್ತಿಗೆ ಫೋನ್ ಮಾಡಿದ್ದರು. ಮಾತು ಅಕ್ಕನ ಮೇಲೆ ಹೋಯಿತು. ಆ ಕಲ್ಲು ಈಗ ಅಕ್ಕನ ಅಂಗಳದಲ್ಲಿ ಮಳೆಗೆ ನೆನೆಯುತ್ತಾ ಸುಮ್ನೆ ಬಿದ್ದಿದೆ ಅಂತ ಗೊತ್ತಾಯಿತು. ನನಗೆ ಸಿಟ್ಟು ತಡೆಯಲಿಲ್ಲ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಫೋನ್ ಇಟ್ಟು ಮುಖ ತೊಳೆದು, ಮಕ್ಕಳನ್ನು ಕರೆದು ಪ್ರಾರ್ಥನೆಗೆ ಕೂತೆ.

ಕರ್ತನ ಪ್ರಾರ್ಥನೆಯಲ್ಲಿ "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ" ಅನ್ನುವಲ್ಲಿ ಮಗಳು ಕಣ್ಣು ಬಿಟ್ಟಳು. ಮೆಲ್ಲಗೆ ಕೇಳಿದಳು, "ದೊಡ್ಡಮ್ಮನನ್ನೂ ಸೇರಿಸಿಯಾ ಅಮ್ಮ?"

ಎದುರು ಮಾತಾಡಬೇಕು ಅಂತ ಕೇಳಿದ್ದಲ್ಲ. ಅವಳಿಗೆ ನಿಜವಾಗಿ ತಿಳಿಯಬೇಕಿತ್ತು. ನಾನು "ಪ್ರಾರ್ಥನೆ ಮಧ್ಯೆ ಮಾತಾಡಬಾರದು" ಅಂತ ಗದರಿಸಿದೆ. ಊಟಕ್ಕೆ ಕೂತರೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಇಷ್ಟು ವರ್ಷ ಮಕ್ಕಳಿಗೆ ನಾನು ಕಲಿಸುತ್ತಿದ್ದೇನೆ ಅಂದುಕೊಂಡಿದ್ದೆ. ಈಗ ಪಾಠ ಆ ಕಡೆಯಿಂದ ಬಂದಿದೆ. ಉತ್ತರ ಕೊಡಬೇಕಾದವಳು ನಾನು. ನಿಮ್ಮ ಮನೆಗಳಲ್ಲಿ ಹೀಗೆ ಆಗಿದೆಯಾ? ಚರ್ಚಿನಲ್ಲಿ ಅಲ್ಲ, ಅಡುಗೆಮನೆಯಲ್ಲಿ, ಅಂಗಳದಲ್ಲಿ ದೇವರು ನಿಮಗೆ ಏನಾದರೂ ಹೇಳಿದ್ದುಂಟಾ? ದಯವಿಟ್ಟು ಬರೆಯಿರಿ.

ಸಂಡೇ ಸ್ಕೂಲ್ ಟೀಚರ್, ಮಂಗಳೂರು | ಭಾನುವಾರ, ರಾತ್ರಿ 11:02

ಅಮ್ಮಾ, ನಿಮ್ಮ ಮಗಳು ತುಂಬಾ ಸರಿಯಾದ ಜಾಗದಲ್ಲೇ ನಿಲ್ಲಿಸಿದ್ದಾಳೆ. ಮತ್ತಾಯ 6ನೇ ಅಧ್ಯಾಯ ತೆಗೆದು ನೋಡಿ. ಆ ಪ್ರಾರ್ಥನೆ ಕಲಿಸಿದ ಮೇಲೆ ಯೇಸು ಅದರ ಒಂದೇ ಒಂದು ಸಾಲಿಗೆ ಮತ್ತೆ ವಿವರಣೆ ಕೊಟ್ಟಿದ್ದಾನೆ. ಅನ್ನದ ಸಾಲಿಗೆ ಅಲ್ಲ, ಶೋಧನೆಯ ಸಾಲಿಗೂ ಅಲ್ಲ. ಕ್ಷಮೆಯ ಸಾಲಿಗೆ. 14 ಮತ್ತು 15ನೇ ವಚನ. ನಾವು ತಡವರಿಸುವುದು ಅಲ್ಲೇ ಅಂತ ಅವನಿಗೆ ಗೊತ್ತಿತ್ತು ಅಂತ ನನಗೆ ಅನಿಸುತ್ತದೆ.

ನಾನು 22 ವರ್ಷದಿಂದ ಸಂಡೇ ಸ್ಕೂಲ್ ಮಾಡುತ್ತಿದ್ದೇನೆ. ವಾರಕ್ಕೆ ಒಂದು ಗಂಟೆ ಮಕ್ಕಳು ನನ್ನ ಹತ್ತಿರ ಇರುತ್ತಾರೆ. ಉಳಿದ 167 ಗಂಟೆ ನಿಮ್ಮ ಹತ್ತಿರ. ಧರ್ಮೋಪದೇಶಕಾಂಡ 6ರಲ್ಲಿ ದೇವರ ಮಾತನ್ನು ಮಕ್ಕಳಿಗೆ ಯಾವಾಗ ಹೇಳಬೇಕು ಅಂತ ಇದೆ. ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ಅಲ್ಲಿ ಗುಡಾರದ ಮಾತಿಲ್ಲ, ಯಾಜಕನ ಮಾತಿಲ್ಲ. ಯೇಸು ಹೇಳಿದ ಸಾಮ್ಯಗಳನ್ನು, ಅಂದರೆ ದೃಷ್ಟಾಂತ ಕಥೆಗಳನ್ನು ನೋಡಿ. ಹಿಟ್ಟಿಗೆ ಹುಳಿ ಬೆರೆಸುವ ಹೆಂಗಸು, ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸುವವಳು, ಹಳೇ ಬಟ್ಟೆಗೆ ತೇಪೆ, ನಡುರಾತ್ರಿ ರೊಟ್ಟಿ ಕೇಳಿ ಬಾಗಿಲು ತಟ್ಟುವ ಗೆಳೆಯ. ಎಲ್ಲವೂ ಮನೆಯದ್ದೇ. ನಜರೇತಿನ ಮನೆಯಲ್ಲಿ ಅವನು ನೋಡಿ ಬೆಳೆದದ್ದು ಇದನ್ನೇ ಅಲ್ವಾ?

ಒಮ್ಮೆ ನಾನು ಮಕ್ಕಳಿಗೆ, ನಿಮ್ಮ ಮನೆಗೆ ಯೇಸು ಬಂದರೆ ಎಲ್ಲಿ ಕೂರುತ್ತಾನೆ, ಚಿತ್ರ ಬರೆಯಿರಿ ಅಂದೆ. ಎಲ್ಲರೂ ಸೋಫಾ ಬರೆದರು. ಒಬ್ಬ ಹುಡುಗ ಮಾತ್ರ ಬಚ್ಚಲ ಒಲೆಯ ಮುಂದೆ ಒಂದು ಮಣೆ ಬರೆದ. ಯಾಕೆ ಅಂತ ಕೇಳಿದೆ. "ಅಜ್ಜಿ ಬೆಳಿಗ್ಗೆ ಅಲ್ಲಿ ಬೆಂಕಿ ಹಾಕ್ತಾ ಯೇಸು ಹತ್ರ ಮಾತಾಡ್ತಾರೆ" ಅಂದ. ಅಜ್ಜಿ ಅವನಿಗೆ ಏನನ್ನೂ ಕಲಿಸಲಿಕ್ಕೆ ಹೋದವರಲ್ಲ. ಹಂಡೆಯ ಒಲೆಗೆ ತೆಂಗಿನ ಮಡಲು ತುರುಕುತ್ತಾ ತಮ್ಮ ಪಾಡಿಗೆ ಪ್ರಾರ್ಥನೆ ಮಾಡುತ್ತಿದ್ದರು. ಆ ಚಿತ್ರ ಇನ್ನೂ ನನ್ನ ಬೈಬಲಿನೊಳಗೆ ಇದೆ.

ಬಜ್ಪೆ ತಾಯಿ | ಸೋಮವಾರ, ಬೆಳಿಗ್ಗೆ 6:20

ಇದನ್ನು ಓದಿ ನಾನೂ ಒಬ್ಬರ ನಂಬರ್ ತೆಗೆದು ನೋಡಿದೆ. ಇನ್ನೂ ಒತ್ತಿಲ್ಲ. ಪ್ರಾರ್ಥನೆ ಮಾಡಿ.

ಕುಲಶೇಖರದ ಸೊಸೆ | ಸೋಮವಾರ, ಮಧ್ಯಾಹ್ನ 2:30

ನಮ್ಮದು ಕೊಂಕಣಿ ಮನೆ, ಕಥೋಲಿಕರು. ಸಂಜೆ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ತಪ್ಪಿಸುವುದಿಲ್ಲ. ಜಪಸರ ಮುಗಿದ ಮೇಲೆ ಚಿಕ್ಕವರು ಒಬ್ಬೊಬ್ಬರಾಗಿ ಹಿರಿಯರ ಹತ್ತಿರ ಹೋಗಿ ಬೆಸಾಂವ್ ಕೇಳುವುದು ನಮ್ಮಲ್ಲಿ ಹಳೇ ಪದ್ಧತಿ. ಬೆಸಾಂವ್ ಅಂದರೆ ಆಶೀರ್ವಾದ. ಎಷ್ಟು ದೊಡ್ಡ ಜಗಳ ಆಗಿದ್ದರೂ ಆ ಹೊತ್ತಲ್ಲಿ ಹೋಗಿ ಕೈ ಜೋಡಿಸಿ ತಲೆ ಬಗ್ಗಿಸಲೇಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಮೇಲೆ ಸಿಟ್ಟಿದ್ದಾಗ ಇದು ನನಗೆ ದೊಡ್ಡ ಕಷ್ಟ ಆಗಿತ್ತು. ಬಾಯಿ ಬಿಗಿದುಕೊಂಡು ಹೋಗಿ ನಿಲ್ಲುತ್ತಿದ್ದೆ. ಅವರೂ ಬಿಗಿದುಕೊಂಡೇ ಕೈ ಎತ್ತುತ್ತಿದ್ದರು. ಆದರೆ ಎತ್ತುತ್ತಿದ್ದರು. ಮರುದಿನ ಬೆಳಿಗ್ಗೆ ಚಹಾ ಕೊಡುವಾಗ ಅರ್ಧ ಸಿಟ್ಟು ಹೋಗಿರುತ್ತಿತ್ತು. ಸೂರ್ಯ ಮುಳುಗುವ ತನಕ ಕೋಪ ಇಟ್ಟುಕೊಳ್ಳಬೇಡಿ ಅಂತ ಪೌಲ ಎಫೆಸದವರಿಗೆ ಬರೆದದ್ದನ್ನು ನಮ್ಮ ಹಿರಿಯರು ಒಂದು ಪದ್ಧತಿಯಾಗಿಯೇ ಮಾಡಿಟ್ಟಿದ್ದಾರೆ ಅಂತ ನನಗೆ ಈಗ ಕಾಣುತ್ತದೆ.

ಈಗ ಅತ್ತೆಗೆ 84. ಮರೆವು ಜಾಸ್ತಿ ಆಗಿದೆ. ಗಂಡನ ಹೆಸರು ಹೋಗಿದೆ, ಮಕ್ಕಳ ಹೆಸರು ಹೋಗಿದೆ. ನನ್ನನ್ನು ಕೆಲವೊಮ್ಮೆ ತಂಗಿ ಅಂದುಕೊಳ್ಳುತ್ತಾರೆ, ಕೆಲವೊಮ್ಮೆ ಕೆಲಸಕ್ಕೆ ಬಂದವಳು. ಆದರೆ "ನಮಾನ್ ಮರಿಯೆ" ಅಂತ ಮರಿಯಮ್ಮನವರ ಜಪ ಶುರು ಮಾಡಿದರೆ ಮುಂದಿನದು ಒಂದು ಅಕ್ಷರ ತಪ್ಪದೆ ಬರುತ್ತದೆ. ಬೆರಳು ಮಣಿಯ ಮೇಲೆ ತಾನಾಗಿ ಸರಿಯುತ್ತದೆ.

ಹೋದ ತಿಂಗಳು ನನ್ನ ಮಗ ಬೆಂಗಳೂರಿಂದ ಬಂದ. ತೇರ್ಸ್ ಆದ ಮೇಲೆ ಮಾಂಯ್ (ಅವನ ಅಜ್ಜಿ) ಹತ್ತಿರ ಹೋಗಿ ಬೆಸಾಂವ್ ಕೇಳಿದ. ಅವರು ಅವನ ಮುಖವನ್ನು ತುಂಬಾ ಹೊತ್ತು ನೋಡಿದರು. "ನೀನು ಯಾರ ಮಗ?" ಅಂತ ಕೇಳಿದರು. ಅವರೇ ಎತ್ತಿ ಆಡಿಸಿ ಬೆಳೆಸಿದ ಹುಡುಗ ಅದು. ಅವನ ಕಣ್ಣಲ್ಲಿ ನೀರು ಬಂತು. ಉತ್ತರ ಬರುವ ಮುಂಚೆಯೇ ಅವರ ಕೈ ಮೇಲೆದ್ದಿತ್ತು. ಹಣೆಯ ಮೇಲೆ ಶಿಲುಬೆ ಬರೆದು, ತಲೆ ಸವರಿದರು. ಯಾರು ಅಂತ ಗೊತ್ತಿಲ್ಲದವನಿಗೂ ಆಶೀರ್ವಾದ ಕೊಟ್ಟರು.

ನನ್ನ ಮಗ ಆ ರಾತ್ರಿ ಅಡುಗೆಮನೆಗೆ ಬಂದು ಒಂದೇ ಮಾತು ಹೇಳಿದ. "ಮಮ್ಮಿ, ನಾವು ಯಾರು ಅಂತ ನೋಡಿ ದೇವರು ಕೊಡುವುದಲ್ಲ ಅಂತ ಫಾದರ್ ಎಷ್ಟು ಸಲ ಹೇಳಿದ್ದರು. ಇವತ್ತು ನೋಡಿದೆ."

ದೂರದ ಮಗ | ಸೋಮವಾರ, ರಾತ್ರಿ 9:48

ನಾನು ಇಲ್ಲಿ ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ನಾನು ಮಂಗಳೂರಿನಲ್ಲಿ, ತುಂಬಾ ದೈವಭಕ್ತಿಯ ಮನೆಯಲ್ಲಿ ಬೆಳೆದೆ. ನಮ್ಮಲ್ಲಿ ಎಲ್ಲದಕ್ಕೂ ಪಾಠ ಇತ್ತು. ಲೋಟ ಬಿದ್ದು ಒಡೆದರೆ ಒಂದು ವಚನ, ಮಾರ್ಕ್ಸ್ ಕಡಿಮೆ ಬಂದರೆ ಇನ್ನೊಂದು. ನನಗೆ 15 ವರ್ಷ ಇದ್ದಾಗ ಆತ್ಮೀಯ ಗೆಳೆಯನೊಬ್ಬ ಹೊಳೆಯಲ್ಲಿ ಮುಳುಗಿ ತೀರಿಕೊಂಡ. ಮನೆಗೆ ಬಂದು ಅಳುತ್ತಾ ಕೂತಿದ್ದಾಗ ಅಪ್ಪ ಬಂದು, "ಇದರಿಂದ ದೇವರು ನಿನಗೆ ಏನೋ ಕಲಿಸುತ್ತಿದ್ದಾರೆ" ಅಂದರು. ಅಪ್ಪ ಕೆಟ್ಟವರಲ್ಲ. ಅವರಿಗೆ ಬೇರೆ ಮಾತು ಬರುತ್ತಿರಲಿಲ್ಲ. ಆದರೆ ನನಗೆ ಪಾಠ ಕಲಿಸಲಿಕ್ಕೆ ಅಂತ ನನ್ನ ಗೆಳೆಯನ ಜೀವ ತೆಗೆಯುವ ದೇವರು ನನಗೆ ಬೇಡ ಅನಿಸಿತು. ಎಂಟು ವರ್ಷ ಚರ್ಚಿಗೆ ಹೋಗಲಿಲ್ಲ.

ಆಮೇಲೆ ಹೇಗೆ ವಾಪಸ್ ಬಂದೆ ಅನ್ನುವುದು ಬೇರೆ ಕಥೆ. ಅದರಲ್ಲಿ ಯೋಹಾನ 11 ದೊಡ್ಡದು. ಸತ್ತ ಲಾಜರನನ್ನು ಎಬ್ಬಿಸುತ್ತೇನೆ ಅಂತ ಯೇಸುವಿಗೆ ಗೊತ್ತಿತ್ತು. ಆದರೂ ಲಾಜರನ ಸಹೋದರಿ ಮರಿಯಳು ಅಳುವುದನ್ನು ನೋಡಿ ಅವನೂ ಅತ್ತ. ಅಲ್ಲಿ ಅವಳಿಗೆ ಪಾಠ ಹೇಳಲಿಲ್ಲ.

ಹಾಗಾಗಿ ನನ್ನ ವಿನಂತಿ ಇಷ್ಟೇ. ಮಕ್ಕಳ ನೋವಿನ ಮೇಲೆ ವಚನ ಅಂಟಿಸಬೇಡಿ. ಮೊದಲು ಪಕ್ಕದಲ್ಲಿ ಕೂರಿ.

ಉಡುಪಿಯ ಅಮ್ಮ | ಸೋಮವಾರ, ರಾತ್ರಿ 10:20

ತಮ್ಮಾ, ಬೇಸರ ಯಾಕೆ? ನೀವು ಬರೆದದ್ದನ್ನು ಎರಡು ಸಲ ಓದಿದೆ. ನಾನೂ ಹಾಗೆ ಮಾಡಿದ್ದೇನೆ. ಮಗ ಸಾಕಿದ ಬೆಕ್ಕಿನ ಮರಿ ಸತ್ತಾಗ ಅವನು ಅಳುವುದು ಮುಗಿಯುವ ಮುಂಚೆಯೇ ನಾನು ಸತ್ಯವೇದದ ಪ್ರಸಂಗಿ ಪುಸ್ತಕದಿಂದ ವಚನ ಹೇಳಲಿಕ್ಕೆ ಶುರು ಮಾಡಿದ್ದೆ. ಅವನು ಎದ್ದು ಹೋಗಿ ಅಪ್ಪನ ಮಡಿಲಲ್ಲಿ ಮಲಗಿದ. ಇವರು ಒಂದು ಮಾತೂ ಆಡದೆ ಅವನ ಬೆನ್ನು ತಟ್ಟುತ್ತಾ ಕೂತಿದ್ದರು. ಈಗ ನೆನಪಾಗುತ್ತಿದೆ.

ಕುಂದಾಪುರದವಳು | ಸೋಮವಾರ, ರಾತ್ರಿ 11:40

ನಾನು ಸುಮ್ನೆ ಓದುತ್ತಿದ್ದೆ, ಬರೆಯುವ ಯೋಚನೆ ಇರಲಿಲ್ಲ. ದೂರದ ಮಗ ಬರೆದದ್ದು ನೋಡಿ ಬರೆಯುತ್ತಿದ್ದೇನೆ.

ಆರು ವರ್ಷದ ಹಿಂದೆ ನಮ್ಮ ಮೊದಲ ಮಗು ಹುಟ್ಟಿ ಎರಡು ದಿನಕ್ಕೆ ಹೋಯಿತು. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದೆ. "ದೇವರಿಗೆ ಬೇಕಾದ ಹೂವು" ಅಂತ ಹೇಳಿದವರು ತುಂಬಾ ಜನ. ಆ ಮಾತು ಕೇಳಿದಾಗಲೆಲ್ಲ ನನಗೆ ಕಿವಿ ಮುಚ್ಚಿಕೊಳ್ಳಬೇಕು ಅನಿಸುತ್ತಿತ್ತು. ನಮ್ಮ ಸಭೆಯ ಒಬ್ಬರು ಹಿರಿಯ ಹೆಂಗಸು ಮಾತ್ರ ಏನೂ ಹೇಳಲಿಲ್ಲ. ದಿನಾ ಹನ್ನೊಂದು ಗಂಟೆಗೆ ತೂಕುಪಾತ್ರೆಯಲ್ಲಿ ಕುಚ್ಚಲಕ್ಕಿ ಗಂಜಿ, ಒಂದು ಎಲೆಯಲ್ಲಿ ಒಣ ಸಿಗಡಿ ಚಟ್ನಿ ತರುತ್ತಿದ್ದರು. ನಾನು ತಿನ್ನುವ ತನಕ ಕೂತಿರುತ್ತಿದ್ದರು. ಪಾತ್ರೆ ತೊಳೆದುಕೊಂಡು ಹೋಗುತ್ತಿದ್ದರು. ಹದಿನೈದು ದಿನ ಹೀಗೆ ನಡೆಯಿತು.

ಸತ್ಯವೇದದಲ್ಲಿ, ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅವರು ಬಾಯಿ ಬಿಟ್ಟ ಮೇಲೆಯೇ ಅವನ ನೋವು ಹೆಚ್ಚಾದದ್ದು. ಆ ಏಳು ದಿನ ಅವರು ಮಾಡಿದ್ದೇ ಸರಿ ಇತ್ತು. ಯಾಯೀರ ಅನ್ನುವವನ ಸತ್ತ ಮಗಳನ್ನು ಎಬ್ಬಿಸಿದ ಮೇಲೆ ಯೇಸು ಹೇಳಿದ್ದು ಏನು ನೋಡಿ. ಇವಳಿಗೆ ಊಟಕ್ಕೆ ಕೊಡಿ ಅಂದ. ನನಗೆ ಆ ಗಂಜಿಯೇ ಸುವಾರ್ತೆ. ಈಗ ನಮಗೆ ಒಬ್ಬಳು ಮಗಳಿದ್ದಾಳೆ. ಯಾರ ಮನೆಯಲ್ಲಿ ಸಾವಾದರೂ ಅವಳನ್ನೂ ಕರೆದುಕೊಂಡು ಗಂಜಿ ತೆಗೆದುಕೊಂಡು ಹೋಗುತ್ತೇನೆ. ಚಟ್ನಿಯ ಎಲೆ ಹಿಡಿದುಕೊಳ್ಳುವುದು ಅವಳ ಕೆಲಸ.

ಮಲ್ಪೆ ಕಡಲು | ಮಂಗಳವಾರ, ಬೆಳಿಗ್ಗೆ 5:50

ಕಡಲಿಂದ ಬೋಟು ಬರಲಿಕ್ಕೆ ಇನ್ನೂ ಹೊತ್ತಿದೆ, ಅಷ್ಟರಲ್ಲಿ ಬರೆದು ಮುಗಿಸುತ್ತೇನೆ. ನಾನು ಬಂದರಿನಲ್ಲಿ ಮೀನಿನ ಲೆಕ್ಕ ಬರೆಯುವವನು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ನಿಷೇಧ ಇತ್ತಲ್ಲ, ಈಗಷ್ಟೇ ಕೆಲಸ ಶುರುವಾಗಿದೆ.

ಎರಡು ವರ್ಷದ ಹಿಂದೆ ನಮ್ಮ ಮಗ ಪಿಯುಸಿಯಲ್ಲಿ ಗಣಿತ ಫೇಲಾದ. ರಿಸಲ್ಟ್ ಬಂದ ದಿನ ಮನೆಗೇ ಬರಲಿಲ್ಲ. ಫೋನ್ ಸ್ವಿಚ್ ಆಫ್. ನಾನು ಮತ್ತು ನನ್ನ ತಮ್ಮ ಬೈಕಲ್ಲಿ ಬೀಚು, ಬಸ್ ಸ್ಟ್ಯಾಂಡು, ಅವನ ಗೆಳೆಯರ ಮನೆ ಎಲ್ಲ ಸುತ್ತಿದೆವು. ಆ ನಾಲ್ಕು ಗಂಟೆ ನನಗೆ ಹೇಗಿತ್ತು ಅಂತ ಬರೆಯಲಿಕ್ಕೆ ಆಗುವುದಿಲ್ಲ. ರಾತ್ರಿ ಹತ್ತಕ್ಕೆ ಅವನೇ ಮನೆಗೆ ಬಂದ. ಜೀವ ಬಂತು. ಜೀವ ಬಂದ ಕೂಡಲೇ ಸಿಟ್ಟೂ ಬಂತು. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ನಾನು ಜೋಡಿಸಿಟ್ಟಿದ್ದೆ.

ಅವತ್ತು ಗ್ಯಾಸ್ ಮುಗಿದಿತ್ತು. ನನ್ನ ಹೆಂಡತಿ ಹಿತ್ತಿಲಲ್ಲಿ ಇದ್ದಿಲು ಹಾಕಿ ಕೆಂಡದ ಮೇಲೆ ಬಂಗುಡೆ ಸುಡುತ್ತಿದ್ದಳು. ನಾನು ಬಾಯಿ ತೆಗೆಯುವಷ್ಟರಲ್ಲಿ ಅವಳು ನನ್ನ ಕಡೆ ಒಂದು ಸಲ ನೋಡಿದಳು, ಅಷ್ಟೇ. ನಾನು ಸುಮ್ಮನಾದೆ. "ಬಾ, ಮೊದಲು ಊಟ ಮಾಡು" ಅಂತ ಅವನನ್ನು ಕೆಂಡದ ಪಕ್ಕದಲ್ಲಿ ಕೂರಿಸಿ ತಟ್ಟೆ ಕೊಟ್ಟಳು. ಮೂರು ಬಂಗುಡೆ ತಿಂದ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇರಲಿಲ್ಲ. ಮುಳ್ಳು ಬಿಡಿಸುವಾಗ ಅವನ ಬೆರಳು ನಡುಗುತ್ತಿತ್ತು. ಅದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೈ ತೊಳೆದ ಮೇಲೆ ಅವನೇ ಎಲ್ಲ ಹೇಳಿದ. ಎರಡು ತಿಂಗಳಿಂದ ಟ್ಯೂಷನ್‌ಗೆ ಹೋಗುತ್ತಿರಲಿಲ್ಲ ಅನ್ನುವುದನ್ನೂ ಹೇಳಿದ. ನಾನು ಕೇಳಿರಲೇ ಇಲ್ಲ.

ಅದಾಗಿ ಎಷ್ಟೋ ವಾರದ ಮೇಲೆ ಚರ್ಚಿನಲ್ಲಿ ಯೋಹಾನ 21 ಓದಿದರು. ಶಿಷ್ಯ ಪೇತ್ರ ಯೇಸುವನ್ನು ಮೂರು ಸಲ ಅಲ್ಲಗಳೆದದ್ದು ಇದ್ದಿಲ ಬೆಂಕಿ ಉರಿಯುತ್ತಿದ್ದ ಮಹಾಯಾಜಕನ ಅಂಗಳದಲ್ಲಿ. ಯೋಹಾನ 18ರಲ್ಲಿ ಇದೆ. ಆಮೇಲೆ ಯೇಸು ಅವನನ್ನು ಮತ್ತೆ ಎದುರುಗೊಂಡದ್ದು ಕಡಲ ದಡದಲ್ಲಿ. ಅಲ್ಲೂ ಇದ್ದಿಲ ಬೆಂಕಿ, ಅದರ ಮೇಲೆ ಮೀನು. ಬಲೆಯಲ್ಲಿ 153 ಮೀನು ಬಂದಿತ್ತು. ಆದರೆ ಬೆಂಕಿಯ ಮೇಲಿನ ಮೀನು ಅವನೇ ಮೊದಲು ಸುಟ್ಟಿಟ್ಟದ್ದು. ಬಂದು ಊಟ ಮಾಡಿ ಅಂದ. ನೀನು ನನ್ನನ್ನು ಪ್ರೀತಿಸುತ್ತೀಯಾ ಅಂತ ಮೂರು ಸಲ ಕೇಳಿದ್ದು ಊಟ ಆದ ಮೇಲೆ.

ನನ್ನ ಹೆಂಡತಿ ಏಳನೇ ಕ್ಲಾಸ್ ಓದಿದವಳು. ಅವಳು ಇದನ್ನು ಯೋಚಿಸಿ ಮಾಡಿದ್ದಲ್ಲ. ಚರ್ಚಿನಲ್ಲಿ ಪಕ್ಕದ ಸಾಲಿನಲ್ಲಿ ಕೂತಿದ್ದ ಅವಳನ್ನು ತಿರುಗಿ ನೋಡಿದೆ. ಅವಳು ಓದನ್ನು ಕೇಳುತ್ತಾ ಕೂತಿದ್ದಳು.

ಮಗ ಸಪ್ಲಿಮೆಂಟರಿಯಲ್ಲಿ ಪಾಸಾದ. ಈಗ ಐಟಿಐ ಮಾಡುತ್ತಿದ್ದಾನೆ.

ದುಬೈಯಿಂದ | ಮಂಗಳವಾರ, ಸಂಜೆ 7:10

ನಿಮ್ಮ ಬರಹ ಓದಿ ಮನೆ ಕಣ್ಣ ಮುಂದೆ ಬಂತು. ಊರಲ್ಲಿ ಏಳೂವರೆಗೆ ತೇರ್ಸ್ ಶುರುವಾಗುವಾಗ ಇಲ್ಲಿ ಆರು ಗಂಟೆ. ನಾನು ಕಂಪನಿ ಬಸ್ಸಿನಲ್ಲಿ ಇರುತ್ತೇನೆ. ಹೆಂಡತಿ ವಿಡಿಯೋ ಕಾಲ್ ಹಾಕಿ ಫೋನನ್ನು ಅಲ್ತಾರಿನ (ಮನೆಯ ಪ್ರಾರ್ಥನಾ ಪೀಠದ) ಪಕ್ಕ ಒರಗಿಸಿ ಇಡುತ್ತಾಳೆ. ಈಗ ಮಳೆಗಾಲ ನೋಡಿ, ಜಪಕ್ಕಿಂತ ಜಾಸ್ತಿ ಕಪ್ಪೆಗಳ ಸದ್ದು ಕೇಳುತ್ತದೆ. ಅದೂ ನನಗೆ ಬೇಕು.

ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್ ಬರುತ್ತಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದು ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ, ನಮಗೆ ಹೊಸ ಅಕ್ಕಿಯ ಹಬ್ಬವೂ ಹೌದು. ಒಂಬತ್ತು ದಿನ ಮಕ್ಕಳು ಹೂ ತಂದು ಬಾಲೆ ಮರಿಯಳಿಗೆ ಹಾಕುತ್ತಾರೆ. ಹಬ್ಬದ ದಿನ ಚರ್ಚಿನಲ್ಲಿ ಹೊಸ ತೆನೆಗೆ ಆಶೀರ್ವಾದ. ಮನೆಗೆ ತಂದು ಅದರ ಅಕ್ಕಿ ಬಿಡಿಸಿ ಪುಡಿ ಮಾಡಿ ತೆಂಗಿನ ಹಾಲಿಗೆ ಹಾಕಿ ಎಲ್ಲರಿಗೂ ಕೊಡುತ್ತಾರೆ. ಅದೇ ನೊವೆಂ. ಆಮೇಲೆ ತರಕಾರಿ ಊಟ. ಅವತ್ತು ಮನೆಯಲ್ಲಿ ಮೀನು ಮಾಂಸ ಇಲ್ಲ.

ನಾನು ಇಲ್ಲಿಗೆ ಬಂದ ಮೊದಲ ವರ್ಷ ಅಪ್ಪ ಒಂದು ತೆನೆಯನ್ನು ಕಾಗದದ ಕವರಿನಲ್ಲಿ ಹಾಕಿ ಊರಿಂದ ಬರುವವರ ಹತ್ತಿರ ಕಳಿಸಿದ್ದರು. ಕವರಿನ ಮೇಲೆ ನನ್ನ ಹೆಸರು ಮಾತ್ರ. ಒಳಗೆ ಚೀಟಿ ಕೂಡ ಇರಲಿಲ್ಲ. ಬಿಡಿಸಿದರೆ ಹೆಚ್ಚೆಂದರೆ ಒಂದು ಚಮಚ ಅಕ್ಕಿ. ರೂಮಿನಲ್ಲಿ ನಾವು ಐದು ಜನ ಇದ್ದೆವು. ಕೇರಳದ ಒಬ್ಬ ಮುಸ್ಲಿಂ, ಆಂಧ್ರದ ಇಬ್ಬರು, ಕಾರ್ಕಳದ ಒಬ್ಬ ಬಂಟ, ನಾನು. ಡಬ್ಬಿಯ ತೆಂಗಿನ ಹಾಲಿಗೆ ಹಾಕಿ ಐವರೂ ಒಂದೊಂದು ಗುಟುಕು ಕುಡಿದೆವು. ಕಾರ್ಕಳದವನು, ನಮ್ಮಲ್ಲೂ ಹೀಗೆ ಹೊಸ ಅಕ್ಕಿ ಊಟ ಮಾಡುತ್ತೇವೆ ಅಂತ ಹೇಳಿ ಕಣ್ಣೊರೆಸಿಕೊಂಡ. ಅಪ್ಪ ತೀರಿಕೊಂಡು ಮೂರು ವರ್ಷ ಆಯಿತು. ಈಗ ಕವರ್ ಮಾಡುವುದು ನನ್ನ ಹತ್ತು ವರ್ಷದ ಮಗ. ಯಾರೂ ಹೇಳಿಕೊಟ್ಟದ್ದಲ್ಲ.

ಹಂಚಿನ ಮನೆಯವರು | ಬುಧವಾರ, ಬೆಳಿಗ್ಗೆ 10:05

ನನಗೆ 71. ಟೈಪ್ ಮಾಡುವುದು ನಿಧಾನ, ಹಾಗಾಗಿ ಚಿಕ್ಕದಾಗಿ ಬರೆಯುತ್ತೇನೆ.

ಕ್ರೈಸ್ತ ಮಿಶನರಿಗಳಾದ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನನ್ನ ಅಜ್ಜ ಅಂಥ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಆಮೇಲೆ ನನ್ನ ಅಪ್ಪನೂ ಹಂಚಿನ ಕೆಲಸವನ್ನೇ ಮಾಡಿದರು. ಅಪ್ಪ ಸಭೆಯಲ್ಲಿ ಎದ್ದು ನಿಂತು ಮಾತಾಡಿದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಮನೆಯಲ್ಲೂ ಮಾತು ಕಡಿಮೆ. ಪ್ರತಿ ವರ್ಷ ಮೇ ತಿಂಗಳ ಕೊನೆಗೆ ಮಾಡಿಗೆ ಹತ್ತಿ ಒಡೆದ ಹಂಚು ಬದಲಿಸುತ್ತಿದ್ದರು. ಮೊದಲು ಹತ್ತುತ್ತಿದ್ದದ್ದು ನಮ್ಮ ಮಾಡಿಗಲ್ಲ, ಪಕ್ಕದ ಮನೆಯ ವಿಧವೆಯ ಮಾಡಿಗೆ. ಅವರು ಕ್ರೈಸ್ತರಲ್ಲ. ಹಾಗಾಗಿ ಕೆಲವು ವರ್ಷ ನಮ್ಮ ಮನೆಯ ಕೆಲಸ ಮುಗಿಯುವ ಮುಂಚೆಯೇ ಮಳೆ ಬಂದು ಚಾವಡಿಯಲ್ಲಿ ಪಾತ್ರೆ ಇಟ್ಟುಕೊಂಡು ಮಲಗಿದ್ದುಂಟು. ಅಮ್ಮ ಗೊಣಗುತ್ತಿದ್ದರು. ಅಪ್ಪ ಉತ್ತರ ಕೊಡುತ್ತಿರಲಿಲ್ಲ.

ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಪಾತ್ರೆಗೆ ಟಪ್ ಟಪ್ ಅಂತ ನೀರು ಬೀಳುವ ಸದ್ದು ಕೇಳುತ್ತದೆ.

ಉಡುಪಿಯ ತಂಗಿಗೆ ಒಂದು ಮಾತು. ಮತ್ತಾಯ 5:23 ಮತ್ತು 24 ನೋಡಿ. ಕಾಣಿಕೆ ತಂದವನಿಗೆ ತನ್ನ ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ಏನೋ ಇದೆ ಅಂತ ನೆನಪಾದರೆ ಎದ್ದು ಹೋಗು ಅಂತಿದೆ. ತಪ್ಪು ಯಾರದ್ದು ಅಂತ ಅಲ್ಲಿ ಕೇಳಿಲ್ಲ. ನಿಮ್ಮ ಅಕ್ಕನಿಗೂ ನಿಮ್ಮ ಮೇಲೆ ಏನೋ ಇರಬಹುದು. ಅದು ಏನು ಅಂತ ಕೇಳಿದ್ದೀರಾ?

ಉಡುಪಿಯ ಅಮ್ಮ | ಬುಧವಾರ, ಮಧ್ಯಾಹ್ನ 1:15

ಕೇಳಿಲ್ಲ ಅಣ್ಣ. 14 ತಿಂಗಳಲ್ಲಿ ಒಂದು ಸಲವೂ ಕೇಳಿಲ್ಲ.

ಸಂಡೇ ಸ್ಕೂಲ್ ಟೀಚರ್, ಮಂಗಳೂರು | ಬುಧವಾರ, ರಾತ್ರಿ 8:30

ಹೋಗುವುದಾದರೆ ಮಗಳನ್ನೂ ಕರೆದುಕೊಂಡು ಹೋಗಿ. ಅವಳು ಕೇಳಿದ ಪ್ರಶ್ನೆಗೆ ಉತ್ತರ ಅವಳ ಎದುರಿಗೇ ಸಿಗಲಿ. ಉತ್ತರ ಹೇಗೆ ಬಂದರೂ ಪರವಾಗಿಲ್ಲ.

ದೂರದ ಮಗ | ಬುಧವಾರ, ರಾತ್ರಿ 9:15

ಕುಂದಾಪುರದ ಅಕ್ಕ ಬರೆದ ಗಂಜಿಯ ಮಾತು, ಹಂಚಿನ ಮನೆಯವರ ಅಪ್ಪ. ನಾನು ಇಂಥದ್ದನ್ನೇ ಹುಡುಕುತ್ತಿದ್ದೆ. ಇವತ್ತು ಅಪ್ಪನಿಗೆ ಫೋನ್ ಮಾಡಿದೆ. ಗೆಳೆಯನ ವಿಷಯ ತೆಗೆದೆ. ಅಪ್ಪ ತುಂಬಾ ಹೊತ್ತು ಸುಮ್ಮನಿದ್ದು, "ಆ ಹುಡುಗನ ಮಣ್ಣಿಗೆ ನಾನೂ ಹೋಗಿದ್ದೆ, ನಿನಗೆ ಗೊತ್ತಿಲ್ಲ" ಅಂದರು. ನನಗೆ ಗೊತ್ತಿರಲಿಲ್ಲ.

ಉಡುಪಿಯ ಅಮ್ಮ | ಭಾನುವಾರ, ಸಂಜೆ 5:40

ನಿನ್ನೆ ಹೋಗಿ ಬಂದೆವು. ನಾನು ಮತ್ತು ಮಗಳು, ಬಸ್ಸಿನಲ್ಲಿ. ಮೊದಲು ಫೋನ್ ಮಾಡಲಿಲ್ಲ. ಮಾಡಿದ್ದರೆ ಬೇಡ ಅನ್ನುತ್ತಾಳೆ ಅಂತ ಹೆದರಿಕೆ ಇತ್ತು.

ಅಕ್ಕ ಬಾಗಿಲಲ್ಲಿ ನಿಂತು, "ಕಲ್ಲಿಗೆ ಬಂದದ್ದಾ?" ಅಂದಳು. ಇಲ್ಲ, ನಿನ್ನ ಹತ್ತಿರ ಬಂದದ್ದು ಅಂದೆ. ಒಳಗೆ ಬಾ ಅನ್ನಲಿಲ್ಲ, ಆದರೆ ಬಾಗಿಲಿಂದ ಸರಿದಳು. ನಾವು ಒಳಗೆ ಹೋದೆವು. ಚಹಾ ಮಾಡಿದಳು. ಮಗಳಿಗೆ ಬೇರೆಯಾಗಿ ಹಾಲು ಕಾಯಿಸಿ ಕೊಟ್ಟಳು, ಅವಳು ಚಹಾ ಕುಡಿಯುವುದಿಲ್ಲ ಅನ್ನುವುದು ನೆನಪಿತ್ತು.

ಹಂಚಿನ ಮನೆಯ ಅಣ್ಣ ಹೇಳಿದ್ದನ್ನು ಕೇಳಿದೆ. ನನ್ನ ಮೇಲೆ ನಿನಗೆ ಏನಿದೆ ಅಕ್ಕ ಅಂತ. ಅವಳು ಲೋಟ ಕೆಳಗಿಟ್ಟು ಹೇಳಿದಳು. ಅಮ್ಮ ಮಲಗಿದಲ್ಲೇ ಇದ್ದ ಕೊನೆಯ ಎಂಟು ತಿಂಗಳು ನೋಡಿಕೊಂಡದ್ದು ಅವಳು. ನಾನು ತಿಂಗಳಿಗೊಮ್ಮೆ ಹಣ್ಣು ಹಿಡಿದುಕೊಂಡು ಬಂದು, ಅಮ್ಮನ ಬೆನ್ನಿನ ಹುಣ್ಣು ನೋಡಿ, "ಸರಿಯಾಗಿ ಮಗ್ಗುಲು ಬದಲಿಸುತ್ತಿಲ್ಲವಾ" ಅಂತ ಕೇಳಿದ್ದೆನಂತೆ. ನನಗೆ ಆ ಮಾತಿನ ನೆನಪೇ ಇಲ್ಲ. ಅವಳು ಆ ಮಾತನ್ನು ಅಷ್ಟು ದಿನ ಹೊತ್ತುಕೊಂಡಿದ್ದಳು. ಕಲ್ಲು ತಂದದ್ದು ಆ ಸಿಟ್ಟಿಗೆ.

ನಾನು ಕೆಳಗೆ ಅವಳ ಕಾಲ ಹತ್ತಿರ ಕೂತು ತಪ್ಪಾಯಿತು ಅಂದೆ. ಮಗಳು ಅಲ್ಲೇ ಇದ್ದಳು. ಅಕ್ಕ ಏನೂ ಹೇಳಲಿಲ್ಲ. ಕ್ಷಮಿಸಿದೆ ಅಂತಲೂ ಹೇಳಲಿಲ್ಲ. ಎದ್ದು ಹಿತ್ತಿಲಿಗೆ ಹೋದಳು. ಅವಳ ಸಿಟ್ಟು ಹೋಗಿಲ್ಲ ಅಂದುಕೊಂಡೆ. ಅಷ್ಟರಲ್ಲಿ ಒಂದು ಕಟ್ಟು ಕೆಸುವಿನ ಎಲೆ ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ ತಂದು ಮಗಳ ಕೈಗೆ ಕೊಟ್ಟಳು. ಹೊರಡುವಾಗ ಅಂಗಳದಲ್ಲಿ ಕಲ್ಲು ಕಂಡಿತು. ಬುಡದಲ್ಲಿ ಪಾಚಿ ಕಟ್ಟಿದೆ. ಮಗಳು ಬಗ್ಗಿ ಗುಂಡುಕಲ್ಲಿನ ನುಣುಪು ಜಾಗವನ್ನು ಒಂದು ಸಲ ಸವರಿದಳು. ನಾನು ಅದರ ಬಗ್ಗೆ ಕೇಳಲಿಲ್ಲ.

ಬಸ್ಸಿನಲ್ಲಿ ಮಗಳು ನನ್ನ ಹೆಗಲಿಗೆ ಒರಗಿ ಮಲಗಿದಳು. ಏನೂ ಮಾತಾಡಲಿಲ್ಲ. ರಾತ್ರಿ ಪ್ರಾರ್ಥನೆಯಲ್ಲಿ ಆ ಸಾಲು ಬಂದಾಗ ನನ್ನ ಕೈ ಹಿಡಿದುಕೊಂಡಳು.

ಇವತ್ತು ಮಧ್ಯಾಹ್ನ ಅಕ್ಕನ ಮೆಸೇಜ್ ಬಂತು. 14 ತಿಂಗಳಲ್ಲಿ ಮೊದಲನೆಯದು. ಹೀಗಿತ್ತು: "ಎಲೆ ಇವತ್ತೇ ಪತ್ರೊಡೆ ಮಾಡು, ಬಾಡುತ್ತದೆ. ಹುಳಿ ಸ್ವಲ್ಪ ಜಾಸ್ತಿ ಹಾಕು. ಈ ಎಲೆ ಗಂಟಲು ತುರಿಸುತ್ತದೆ. ಅಮ್ಮ ಹಾಕುತ್ತಿದ್ದಷ್ಟು ಹಾಕು."

ಅಕ್ಕಿ ನೆನೆದಿದೆ. ಮಗಳು ಎಲೆ ತೊಳೆದು ನಾರು ತೆಗೆಯುತ್ತಿದ್ದಾಳೆ. ನಾನು ಹುಣಸೆಹುಳಿ ಕಿವುಚಲಿಕ್ಕೆ ಹೋಗುತ್ತೇನೆ.